ಸಂಬಂಧ: ಮಗಳು

ಮಗುವನ್ನು ವಿಮಾನ ಹತ್ತಿಸಬೇಕಾದರೆ ಮಗು ಒಂದಿದ್ದರೆ ಸಾಲದು, ಅದು ಯಾರ ಮಗು, ಯಾರು ಕರೆದುಕೊಂಡು ಹೋಗುತ್ತಿದ್ದಾರೆ, ಯಾರನ್ನು ಕೇಳಿ ಹೋಗುತ್ತಿದ್ದಾರೆ ಎನ್ನುವುದಕ್ಕೆಲ್ಲ ಒಂದೊಂದು ಕಾಗದ ಬೇಕು ಎಂದು ನನಗೆ ಮೊದಲು ಹೇಳಿದವನು ಟಿಕೆಟ್ ಅಂಗಡಿಯ ಮುದ್ದಯ್ಯ. ಹೇಳುವಾಗ ಅವನ ಮುಖದಲ್ಲಿ ಒಂದು ಸಣ್ಣ ಖುಷಿಯಿತ್ತು. ಕಷ್ಟದ ಸುದ್ದಿಯನ್ನು ತಾನೇ ಮೊದಲು ಮುಟ್ಟಿಸಬೇಕೆಂಬ ಆಸೆ ಕೆಲವರಿಗೆ ಹುಟ್ಟಿನಿಂದಲೇ ಬಂದಿರುತ್ತದೆ. ಮಗುವಿನ ಜನನ ಪತ್ರ, ತಾಯಿಯ ಒಪ್ಪಿಗೆ ಪತ್ರ, ತಾಯಿಯ ಗುರುತಿನ ಚೀಟಿಯ ನಕಲು, ತಂದೆ ಇಲ್ಲವಾದ್ದರಿಂದ ಅವನ ಮರಣ ಪತ್ರ, ಕೊನೆಗೆ ನನ್ನದೊಂದು ಗುರುತಿನ ಚೀಟಿ. ಐದರಲ್ಲಿ ಒಂದು ಇಲ್ಲದಿದ್ದರೂ ಬಾಗಿಲಲ್ಲೇ ತಿರುಗಿಸಿ ಕಳಿಸುತ್ತಾರೆ ಎಂದ. ನಾನು ಹಿಟ್ಟಿನ ಗಿರಣಿ ನಡೆಸುವವಳು. ಹಬ್ಬದ ಹಿಂದಿನ ದಿನ ಅರ್ಧ ಊರನ್ನು ಗದರಿಸಿ ಸಾಲಿನಲ್ಲಿ ನಿಲ್ಲಿಸುವವಳು. ಕಾಗದಕ್ಕೆ ಹೆದರುವ ಪೈಕಿಯಲ್ಲ. ಆದರೂ ಅವತ್ತು ನನಗೆ ಒಳಗೊಳಗೇ ಪುಕಪುಕ ಎಂದಿತು.

ಮಗು ನನ್ನ ತಂಗಿಯದು. ಗಂಡ ತೀರಿಕೊಂಡ ಮೇಲೆ ತಂಗಿ ದೂರದ ದೊಡ್ಡ ಊರಿಗೆ ಹೋಗಿ ಸಮವಸ್ತ್ರ ಹೊಲಿಯುವ ಕಾರ್ಖಾನೆ ಸೇರಿದಳು. ಅಲ್ಲಿನ ಹಾಸ್ಟೆಲಿನಲ್ಲಿ ಮಕ್ಕಳನ್ನು ಇಟ್ಟುಕೊಳ್ಳುವ ಹಾಗಿರಲಿಲ್ಲ. ಒಂದೂವರೆ ವರ್ಷದ ಕೂಸನ್ನು ನನ್ನ ಮಡಿಲಿಗೆ ಹಾಕಿ ಹೋದಳು. ಮೂರು ವರ್ಷವಾಯಿತು. ಈಗ ಕಾರ್ಖಾನೆಯವರು ಮಕ್ಕಳಿರುವ ಹೆಂಗಸರಿಗೆಂದೇ ಹನ್ನೆರಡು ಕೋಣೆ ಕಟ್ಟಿಸಿದ್ದರು, ಪಟ್ಟಿಯಲ್ಲಿ ತಂಗಿಯ ಹೆಸರೂ ಬಂದಿತ್ತು. ಆದರೆ ಒಂದು ಕರಾರು. ಸೋಮವಾರ ಬೆಳಿಗ್ಗೆ ಮಗುವನ್ನು ಎದುರು ತಂದು ನಿಲ್ಲಿಸಿದವರಿಗೆ ಮಾತ್ರ ಬೀಗದ ಕೈ. ನಿಲ್ಲಿಸದಿದ್ದರೆ ಕೋಣೆ ಪಟ್ಟಿಯಲ್ಲಿರುವ ಮುಂದಿನವಳಿಗೆ, ಮತ್ತೆ ಯಾವಾಗ ಸರದಿ ಬರುವುದೋ ಹೇಳುವವರಿಲ್ಲ. ನಮ್ಮೂರಿನಿಂದ ವಿಮಾನ ವಾರಕ್ಕೆ ಒಂದೇ, ಶನಿವಾರ. ರಸ್ತೆಯಲ್ಲಿ ಹೋದರೆ ನಾಲ್ಕು ದಿನ. ಶನಿವಾರದ ವಿಮಾನ ತಪ್ಪಿದರೆ ತಾಯಿ ಮಗು ಇನ್ನೂ ಎಷ್ಟು ವರ್ಷ ಫೋನಿನಲ್ಲೇ ಮುಖ ನೋಡಿಕೊಳ್ಳಬೇಕೋ ಎಂಬ ಲೆಕ್ಕ ನನ್ನ ತಲೆಯಲ್ಲಿ ಕೊರೆಯುತ್ತಲೇ ಇತ್ತು.

ಮಗುವನ್ನು ಕಳಿಸಿಕೊಡಲು ನನಗೆ ಮನಸ್ಸಿತ್ತೇ ಎಂದು ಕೇಳಿದವರಿದ್ದಾರೆ. ಇತ್ತು, ಇರಲಿಲ್ಲ. ಎರಡೂ ನಿಜ. ಆದರೆ ತಂಗಿ ಫೋನಿನಲ್ಲಿ ಮಗು ಇವತ್ತು ಏನು ತಿಂದಿತು ಎಂದು ವಿಚಾರಿಸುವುದನ್ನು ಮೂರು ವರ್ಷ ಕೇಳಿದವಳಿಗೆ ಈ ಪ್ರಶ್ನೆಯನ್ನು ಜಾಸ್ತಿ ಹೊತ್ತು ಹಿಡಿದುಕೊಂಡು ಕೂರಲು ಆಗುವುದಿಲ್ಲ.

ಕಾಗದಗಳನ್ನು ಒಟ್ಟು ಮಾಡಲು ಎರಡು ವಾರ ಹಿಡಿಯಿತು. ನಮ್ಮೂರಿನಲ್ಲಿ ಹೆಸರು ಬರೆದ ಕಾಗದವನ್ನು ಯಾರೂ ಮನೆಯೊಳಗೆ ಇಡುವುದಿಲ್ಲ. ಯಾವ ಸೂರಿನ ಕೆಳಗೆ ಒಬ್ಬರ ಹೆಸರು ಬರೆದು ಇಟ್ಟಿರುತ್ತದೋ ಆ ಸೂರಿನ ಕೆಳಗೆ ಆ ಹೆಸರು ಯಾರ ಬಾಯಿಗೂ ಬರುವುದಿಲ್ಲ. ನಾಲಿಗೆ ಅಲ್ಲಿಯವರೆಗೆ ಬಂದು ಬರೀ ಉಸಿರು ಬಿಟ್ಟು ಸುಮ್ಮನಾಗುತ್ತದೆ. ಬಯಲಿಗೆ ಬಂದರೆ ಸರಾಗ. ಹಾಗಾಗಿ ಎಲ್ಲರ ಅಂಗಳದಲ್ಲೂ ಮರಕ್ಕೋ ಗೂಟಕ್ಕೋ ಒಂದು ಮುಚ್ಚಳದ ಡಬ್ಬಿ ತೂಗುಹಾಕಿರುತ್ತದೆ, ಹೆಸರಿನ ಕಾಗದಗಳೆಲ್ಲ ಅದರಲ್ಲಿ. ಶಾಲೆಯ ಹಾಜರಿ ಪುಸ್ತಕ ಸೀಬೆ ಮರದಲ್ಲಿ ನೇತಾಡುತ್ತದೆ, ಮೇಷ್ಟ್ರು ಹೊರಗೆ ಬಂದು ಹೆಸರು ಕೂಗುತ್ತಾರೆ. ಮಳೆ ಬಂದರೆ ಕೊಡೆ ಹಿಡಿಯುತ್ತಾರೆ. ಕೊಡೆ ಸೂರು ಹೌದೋ ಅಲ್ಲವೋ ಎಂಬ ಜಗಳ ಊರಿನಲ್ಲಿ ಇನ್ನೂ ಬಗೆಹರಿದಿಲ್ಲ. ಅಂಚೆಯವನು ಬೀದಿಯಲ್ಲೇ ನಿಂತು ಇನಿಶಿಯಲ್ ಸಮೇತ ಕೂಗಿ ಕಾಗದ ಕೊಡುತ್ತಾನೆ. ಮದುವೆ ಕರೆಯಲು ಬಂದವರು ಪತ್ರಿಕೆಯನ್ನು ಗೇಟಿನ ಹೊರಗೆ ಓದಿ ಹೇಳಿ, ವಾಪಸ್ಸು ಮಡಚಿ ತೆಗೆದುಕೊಂಡು ಹೋಗುತ್ತಾರೆ. ನನ್ನ ಗಿರಣಿಗೆ ಬರುವ ಡಬ್ಬಗಳ ಮೇಲೆ ಹೆಸರಿಲ್ಲ. ಎರಡು ಗೆರೆ, ಒಂದು ಚುಕ್ಕೆ, ಕೋಳಿಯ ಚಿತ್ರ, ಹೀಗೆ ಗುರುತು ಮಾತ್ರ. ಇದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ. ಮೆಟ್ಟು ಬಾಗಿಲಲ್ಲಿ ಬಿಟ್ಟು ಬರುವ ಹಾಗೆ ಹೆಸರನ್ನೂ ಹೊರಗೆ ಬಿಟ್ಟು ಬರುತ್ತೇವೆ, ಅಷ್ಟೆ.

ಜನನ ಪತ್ರ ಕೊಡುವ ಗುಮಾಸ್ತರು ಹುಣಸೆ ಮರದ ಕೆಳಗೆ ಮೇಜು ಹಾಕಿಕೊಂಡು ಕೂರುತ್ತಾರೆ. ಗಾಳಿ ಬಂದ ದಿನ ಕಾಗದ ಹಾರುತ್ತದೆ ಎಂದು ಕೆಲಸವಿಲ್ಲ, ಮಳೆ ಬಂದ ದಿನ ನೆನೆಯುತ್ತದೆ ಎಂದು ಕೆಲಸವಿಲ್ಲ. ನಾನು ಹೋದ ವಾರ ಒಂದೋ ಗಾಳಿ, ಇಲ್ಲವೇ ಮಳೆ. ಆರನೇ ಸಲ ಹೋದಾಗ ಅವರ ಮೇಜಿನ ಕಾಗದಗಳ ಮೇಲೆ ಗಿರಣಿಯ ತೂಕದ ಕಲ್ಲು ಇಟ್ಟು, ನಾನೇ ಪಕ್ಕದಲ್ಲಿ ನಿಂತೆ. ಅವತ್ತು ಕೆಲಸ ಆಯಿತು. ತಂಗಿಯ ಒಪ್ಪಿಗೆ ಪತ್ರ ಅಂಚೆಯಲ್ಲಿ ಬಂತು. ನನ್ನ ಅಕ್ಕನ ಜೊತೆ ನನ್ನ ಮಗಳು ಪ್ರಯಾಣ ಮಾಡಲು ನನ್ನ ಒಪ್ಪಿಗೆಯಿದೆ, ದಾರಿಯಲ್ಲಿ ಮಗುವಿನ ವಿಷಯದಲ್ಲಿ ಅಕ್ಕ ತೆಗೆದುಕೊಂಡದ್ದೇ ತೀರ್ಮಾನ ಎಂದು ಬರೆದು, ಸಹಿ ಹಾಕಿ, ಮೊಹರು ಒತ್ತಿಸಿ, ಫೋನ್ ನಂಬರು ಕೊಟ್ಟಿದ್ದಳು. ಅದರ ಕೆಳಗೆ, ಯಾರೂ ಕೇಳದಿದ್ದರೂ, ಕಿಟಕಿ ಪಕ್ಕ ಕೂರಿಸಿ ಎಂದೂ ಬರೆದಿದ್ದಳು.

ಇನ್ನು ಉಳಿದದ್ದು ಮುದ್ದಯ್ಯನ ಫಾರಂ. ಅಂಗಡಿಯ ಹೊರಗಿನ ಕಲ್ಲುಬೆಂಚಿನ ಮೇಲೆ ಕೂತು ಅವನೇ ತುಂಬಿದ. ಮಗುವಿನ ಹೆಸರು, ವಯಸ್ಸು, ಜೊತೆಗೆ ಹೋಗುವವರ ಹೆಸರು, ಎಲ್ಲ ಆಯಿತು. ಜೊತೆಗೆ ಹೋಗುವವರೊಂದಿಗೆ ಸಂಬಂಧ ಎಂಬಲ್ಲಿಗೆ ಬಂದು, ಮಗು ನಿಮಗೆ ಏನಾಗಬೇಕಕ್ಕ ಎಂದು ಕೇಳಿದ. ನಾನು ಮಗಳು ಎಂದೆ. ಅವನು ಮಗಳು ಎಂದು ಬರೆದ. ಒಡಹುಟ್ಟಿದ ತಂಗಿಯ ಮಗಳು ಅಕ್ಕನಿಗೆ ಮಗಳಲ್ಲದೆ ಇನ್ನೇನಾಗುತ್ತಾಳೆ? ಅವನಿಗೂ ಅನುಮಾನ ಬರಲಿಲ್ಲ, ನನಗೂ ಬರಲಿಲ್ಲ. ಬಾಯಿಯಲ್ಲಿ ಅದು ಸರಿಯಾದ ಮಾತು. ಕಾಗದದಲ್ಲಿ ಅದೇ ಮಾತು ಏನು ಮಾಡುತ್ತದೆ ಎನ್ನುವುದು ಶನಿವಾರ ಗೊತ್ತಾಯಿತು.

ಶನಿವಾರ ಬೆಳಿಗ್ಗೆ ಮರದಿಂದ ಡಬ್ಬಿ ಇಳಿಸಿ ಐದೂ ಕಾಗದ, ಫಾರಂ, ಟಿಕೆಟ್ ಎಲ್ಲ ಚೀಲಕ್ಕೆ ಹಾಕಿಕೊಂಡೆ. ಇನ್ನು ದಿನವಿಡೀ ಕಾಗದ ನಮ್ಮ ಜೊತೆಗೇ ಇರುತ್ತದೆ, ಹೋದ ಕಡೆಯೆಲ್ಲ ಸೂರು ಇರುತ್ತದೆ. ಆಟೋಗೂ ಸೂರಿದೆ. ನಮ್ಮೂರಿನಲ್ಲಿ ಬೇರೆ ಮಕ್ಕಳಿಗಾದರೆ ಇದರಿಂದ ತೊಂದರೆಯಿಲ್ಲ. ಪುಟ್ಟಿ, ಚಿನ್ನಿ, ಗುಂಡ, ಬಾಬು ಎಂದು ಒಂದು ಮುದ್ದಿನ ಹೆಸರಿರುತ್ತದೆ, ಅದನ್ನು ಯಾರೂ ಎಲ್ಲೂ ಬರೆಯುವುದಿಲ್ಲ, ಎಲ್ಲ ಸೂರಿನ ಕೆಳಗೂ ನಡೆಯುತ್ತದೆ. ನಾನು ಮಾತ್ರ ನಮ್ಮ ಮಗುವಿಗೆ ಅಂಥದ್ದೊಂದು ಇಟ್ಟಿರಲಿಲ್ಲ. ತಂಗಿ ಹೋಗುವ ದಿನ ನನ್ನಿಂದ ಒಂದೇ ಮಾತು ತೆಗೆದುಕೊಂಡಿದ್ದಳು, ಅವರಪ್ಪ ಇಟ್ಟ ಹೆಸರಿನಲ್ಲೇ ಕರೆಯಬೇಕು, ಅದು ಅವಳ ಕಿವಿಗೆ ಬೀಳುತ್ತಿರಬೇಕು ಎಂದು. ಮೂರು ವರ್ಷ ಹಾಗೇ ಕರೆದೆ. ಎಬ್ಬಿಸುವಾಗ, ಊಟಕ್ಕೆ, ಗಿರಣಿಯ ಸದ್ದಿನ ಮೇಲೆ ಗಂಟಲು ಹರಿದುಕೊಂಡು. ಕೊಟ್ಟ ಮಾತು ಉಳಿಸಿಕೊಂಡ ಹೆಮ್ಮೆಯಿತ್ತು.

ನಮ್ಮೂರಿನ ವಿಮಾನ ನಿಲ್ದಾಣ ಎಂದರೆ ಒಂದು ದೊಡ್ಡ ತಗಡಿನ ಸೂರು, ಅಷ್ಟೆ. ಅದರ ಕೆಳಗೆ ಎಲ್ಲರ ಚೀಲದಲ್ಲೂ ಅವರವರ ಟಿಕೆಟ್, ಹಾಗಾಗಿ ಯಾರನ್ನೂ ಯಾರೂ ಹೆಸರು ಹಿಡಿದು ಕರೆಯುವ ಹಾಗಿಲ್ಲ. ನಮ್ಮವರು ಶ್, ಇಲ್ಲಿ, ನೋಡಿ ಎಂದು ಸುಧಾರಿಸಿಕೊಳ್ಳುತ್ತಾರೆ. ಕಷ್ಟವೆಲ್ಲ ಅಲ್ಲಿ ಕೆಲಸಕ್ಕೆ ಬಂದ ಪರ ಊರಿನವರಿಗೆ. ಮೈಕಿನಲ್ಲಿ ಹುಡುಗಿಯೊಬ್ಬಳು, ಪ್ರಯಾಣಿಕರಾದ ಶ್ರೀಮತಿ, ಎಂದು ಶುರು ಮಾಡಿ ಹೆಸರಿನ ಜಾಗದಲ್ಲಿ ಮೌನವಾಗಿ, ಕೂಡಲೇ ಬರಬೇಕು ಎಂದು ಮುಗಿಸುತ್ತಿದ್ದಳು. ಮೈಕು ಕೆಟ್ಟಿದೆ ಎಂದು ಎರಡು ಸಲ ಬದಲಾಯಿಸಿದ್ದರಂತೆ. ನಿಮ್ಮ ಮೈಕು ಚೆನ್ನಾಗಿದೆ ಎಂದು ಅವರಿಗೆ ಹೇಳಬೇಕೆಂದು ನಮ್ಮವರಿಗೆ ಯಾರಿಗೂ ಹೊಳೆಯಲಿಲ್ಲ.

ಚೀಲ ತಪಾಸಣೆ ಮುಗಿಸಿ ಒಳಗೆ ಬಂದು, ಸೀರೆ ಸರಿಮಾಡಿಕೊಂಡು ತಿರುಗುವಷ್ಟರಲ್ಲಿ ಮಗು ಇಲ್ಲ. ಎಲ್ಲಿ ನೋಡಿದರೂ ಕಾಲುಗಳು, ಚೀಲಗಳು. ಹೆಸರು ಕೂಗಲು ಬಾಯಿ ತೆರೆದೆ, ಉಸಿರು ಬಂತು. ಮತ್ತೆ ತೆರೆದೆ, ಮತ್ತೆ ಉಸಿರು. ಪುಟ್ಟೀ ಎಂದು ಕೂಗಿದೆ, ಆರು ಮಕ್ಕಳು ತಿರುಗಿದವು, ಏಳನೆಯದಾಗಿ ಒಬ್ಬ ಮುದುಕಿಯೂ ತಿರುಗಿದಳು. ನಮ್ಮ ಮಗು ಆ ತುದಿಯಲ್ಲಿ ಗಾಜಿನ ಗೋಡೆಗೆ ಮೂಗು ಒತ್ತಿ ವಿಮಾನ ನೋಡುತ್ತ ನಿಂತಿತ್ತು. ಪುಟ್ಟಿ ಎಂದರೆ ಬೇರೆ ಯಾರೋ ಎಂದೇ ಅದು ತಿಳಿದಿತ್ತು. ಮಗಳೇ, ಕೂಸೇ, ಬಂಗಾರ ಎಂದು ಬಾಯಿಗೆ ಬಂದದ್ದೆಲ್ಲ ಕೂಗುತ್ತ ನಾನು ಓಡಿದೆ. ಮಗು ತಿರುಗಿ ನೋಡಲಿಲ್ಲ. ಹಿಂದಿನಿಂದ ಹೋಗಿ ಅದರ ರಟ್ಟೆ ಹಿಡಿದೆ, ಬೆಚ್ಚಿಬಿದ್ದು ಅದು ಅತ್ತುಬಿಟ್ಟಿತು.

ದೂರದಿಂದ ನೋಡಿದವರಿಗೆ ಏನು ಕಂಡಿರಬಹುದು? ಒಬ್ಬ ಹೆಂಗಸು, ಕರೆಯಲು ಮಗುವಿನ ಹೆಸರೇ ಗೊತ್ತಿಲ್ಲ, ನಾಲ್ಕಾರು ಸುಳ್ಳು ಹೆಸರು ಕೂಗಿ ನೋಡಿ, ಕೊನೆಗೆ ರಟ್ಟೆ ಹಿಡಿದು ಎಳೆದಳು, ಮಗು ಅತ್ತಿತು. ಬಿಳಿ ಅಂಗಿಯ ಅಧಿಕಾರಿಯೊಬ್ಬರು ನೋಡಿದ್ದರು. ಬಂದವರೇ ಮೆತ್ತಗೆ, ಸ್ವಲ್ಪ ಈಚೆ ಬನ್ನಿ ಅಮ್ಮ, ಎಂದು ಪಕ್ಕದ ಸಣ್ಣ ಕೋಣೆಗೆ ಕರೆದುಕೊಂಡು ಹೋದರು. ಸಮುದ್ರದ ಕಡೆಯವರು, ಮಾತಿನಲ್ಲೇ ಗೊತ್ತಾಗುತ್ತಿತ್ತು. ನಮ್ಮೂರಿಗೆ ಬಂದು ಆರು ತಿಂಗಳು. ಎದೆಯ ಮೇಲೆ ಹಿತ್ತಾಳೆಯ ಬಿಲ್ಲೆಯಲ್ಲಿ ಧರ್ಮಪಾಲ ಎಂದು ಬರೆದಿತ್ತು. ಊರಿನಲ್ಲೆಲ್ಲ ಅವರನ್ನು ಬಿಳಿ ಅಂಗಿ ಸಾಹೇಬರು ಎನ್ನುತ್ತಾರೆ. ಕೋಣೆಯಲ್ಲಿ ಒಬ್ಬ ಮಹಿಳಾ ಪೇದೆಯೂ ಇದ್ದಳು.

ನನ್ನ ಕಾಗದಗಳನ್ನು ಮೇಜಿನ ಮೇಲೆ ಹರಡಿ ಒಂದೊಂದಾಗಿ ಓದಿದರು. ಐದೂ ಇವೆ, ಮೊಹರಿದೆ, ಸಹಿಯಿದೆ ಎಂದು ನಾನು ಧೈರ್ಯ ಹೇಳಿಕೊಳ್ಳುತ್ತಿದ್ದೆ. ಅವರ ಬೆರಳು ಮುದ್ದಯ್ಯನ ಫಾರಂ ಮೇಲೆ ನಿಂತಿತು. ಇಲ್ಲಿ ಮಗಳು ಅಂತ ಬರೆದಿದ್ದೀರಿ, ಜನನ ಪತ್ರದಲ್ಲಿ ತಾಯಿ ಬೇರೆಯವರು, ಎಂದರು. ತಂಗಿಯ ಮಗಳು ಮಗಳೇ ಅಲ್ಲವೇ ಎಂದು ನಾನು ಕೇಳಿದೆ.

"ನಮ್ಮಲ್ಲೂ ಹಾಗೇ ಹೇಳುದು ಅಮ್ಮ. ನಂಗೆ ಗೊತ್ತುಂಟು. ಆದ್ರೆ ಈ ಫಾರಂಗೆ ಗೊತ್ತಿಲ್ಲ ಅಲ್ವಾ? ಫಾರಂ ಒಂದು ಹೇಳ್ತದೆ, ಪತ್ರ ಇನ್ನೊಂದು ಹೇಳ್ತದೆ," ಎಂದರು. ಆಮೇಲೆ ನನ್ನ ಕಣ್ಣನ್ನೇ ನೋಡುತ್ತ, "ಮಗುವಿನ ಹೆಸರು ಎಂತ?" ಎಂದರು.

ಕಾಗದದಲ್ಲಿದೆ ಎಂದೆ. ಅದನ್ನು ಓದಿದ್ದೇನೆ, ನೀವು ಬಾಯಲ್ಲಿ ಹೇಳಿ ಎಂದರು. ಇಲ್ಲಿ ಹೇಳಲು ಬರುವುದಿಲ್ಲ ಎಂದೆ. ಮಗುವಿನ ಎದುರು ಮೊಣಕಾಲೂರಿ ಕೂತು ಅದನ್ನೇ ಕೇಳಿದರು. ಮಗು ಬಾಯಿ ತೆರೆಯಿತು, ಮುಚ್ಚಿತು, ಮೇಜಿನ ಮೇಲಿನ ಕಾಗದಗಳ ಕಡೆ ನೋಡಿತು. ಅವರು ಎದ್ದು ನಿಂತಾಗ ಮುಖ ಮೊದಲಿನ ಹಾಗಿರಲಿಲ್ಲ. ಮಕ್ಕಳನ್ನು ಕದ್ದು ಸಾಗಿಸುವವರ ವಿಷಯ ವಾರ ವಾರ ಸುತ್ತೋಲೆ ಬರುತ್ತದೆ, ತಪ್ಪು ತಿಳಿಯಬೇಡಿ, ಅನುಮಾನ ತೀರದೆ ನಿಮ್ಮನ್ನು ಹತ್ತಿಸುವ ಹಾಗಿಲ್ಲ ಎಂದರು. ನಾನು ತಪ್ಪು ತಿಳಿಯಲಿಲ್ಲ. ನಮ್ಮ ಮಗುವನ್ನು ಬೇರೆ ಯಾರೋ ಹೆಂಗಸು ಹೀಗೆ ಎಳೆದುಕೊಂಡು ಹೋಗುತ್ತ, ಹೆಸರು ಕೇಳಿದರೆ ಬೆಬ್ಬೆಬ್ಬೆ ಎಂದಿದ್ದರೆ ನಾನೇ ಅವಳನ್ನು ಕಂಬಕ್ಕೆ ಕಟ್ಟುತ್ತಿದ್ದೆ.

ತಂಗಿಯ ನಂಬರಿಗೆ ಫೋನು ಮಾಡಿದರು. ಕಾರ್ಖಾನೆಯಲ್ಲಿ ಫೋನುಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತಾರೆ. ಅರ್ಧ ದಿನ ರಜೆ ಹಾಕಿ ಅವಳು ಹೊರಗೆ ಬರುವುದು ಹನ್ನೆರಡಕ್ಕೆ. ವಿಮಾನ ಹನ್ನೊಂದೂ ಇಪ್ಪತ್ತಕ್ಕೆ. ಗಡಿಯಾರ ಆಗಲೇ ಹತ್ತೂ ಐವತ್ತು ತೋರಿಸುತ್ತಿತ್ತು. ಮೈಕಿನ ಹುಡುಗಿ ಸೀಟು ನಂಬರು ಹೇಳಿ ಜನರನ್ನು ಕರೆಯಲು ಶುರು ಮಾಡಿದ್ದಳು. ನಾನು ಅವರಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಈ ಕಾಗದ ಈ ಸೂರಿನ ಕೆಳಗಿದೆ, ಅದಕ್ಕೇ ಹೆಸರು ಬಾಯಿಗೆ ಬರುತ್ತಿಲ್ಲ, ಎರಡು ನಿಮಿಷ ಬಯಲಿಗೆ ಬಿಡಿ, ನಾನೂ ಹೇಳುತ್ತೇನೆ, ಮಗುವೂ ಹೇಳುತ್ತದೆ. ಅವರು ಪೇದೆಯ ಮುಖ ನೋಡಿದರು. ಒಳಗೆ ಬಂದವರನ್ನು ಹೊರಗೆ ಬಿಟ್ಟರೆ ಮಗುವಿನ ಸಮೇತ ಓಡುತ್ತಾಳೆ ಎಂದು ಅವರು ಯೋಚಿಸುತ್ತಿದ್ದರು, ಅದು ನನಗೆ ಅವರ ಹುಬ್ಬಿನಲ್ಲೇ ಕಾಣುತ್ತಿತ್ತು. ನನಗೆ ಅಳು ಬಂತು. ಅತ್ತರೆ ಇನ್ನಷ್ಟು ಅನುಮಾನ ಎಂದು ನುಂಗಿಕೊಂಡೆ.

ಆಗ ನನ್ನ ಕಣ್ಣು ಅವರ ಎದೆಯ ಬಿಲ್ಲೆಯ ಮೇಲೆ ಬಿತ್ತು.

"ಸಾರ್, ಒಂದ್ಸಲ ನಿಮ್ಮ ಹೆಸರು ಹೇಳಿ," ಎಂದೆ.

ಇದರಲ್ಲಿ ಬರೆದುಂಟಲ್ಲ ಎಂದು ಬಿಲ್ಲೆ ತೋರಿಸಿದರು. ಓದಿದ್ದೇನೆ ಸಾರ್, ನೀವು ಬಾಯಲ್ಲಿ ಹೇಳಿ ಎಂದೆ. ಅವರದೇ ಮಾತನ್ನು ಅವರಿಗೆ ತಿರುಗಿಸುವ ಉದ್ದೇಶವಿರಲಿಲ್ಲ, ಹಾಗೆ ಬಂದುಬಿಟ್ಟಿತು. ಅವರು ಹೇಳಲು ಹೋದರು. ಉಸಿರು ಬಂತು. ಕೆಮ್ಮಿ, ಕತ್ತು ನೀವಿಕೊಂಡು ಮತ್ತೆ ಹೋದರು. ಮೂರನೆಯ ಸಲ ಬಾಯಿ ತೆರೆದವರು ಹಾಗೇ ಕುರ್ಚಿಯಲ್ಲಿ ಕೂತುಬಿಟ್ಟರು. ಅಷ್ಟು ದೊಡ್ಡ ಆಳು, ಸಣ್ಣ ಮುಖ ಮಾಡಿಕೊಂಡಿದ್ದರು.

"ಇದು ಗಂಟಲಿನ ತೊಂದರೆ ಅಂತ ಎಣಿಸಿದ್ದೆ ಮಾರ್ರೆ," ಎಂದರು. "ಫೋನಲ್ಲಿ ಇಂಥವ ಮಾತಾಡುದು ಅಂತ ಹೇಳ್ಲಿಕ್ಕೆ ಹೋದ್ರೆ ಬರುದೇ ಇಲ್ಲ. ಮೂರು ಬಾಟ್ಲಿ ಮದ್ದು ಕುಡಿದೆ. ಈ ಊರಲ್ಲಿ ಒಬ್ಬರೂ ನನ್ನನ್ನು ಹೆಸರು ಹಿಡಿದು ಕರೀಲಿಲ್ಲ. ನನ್ನನ್ನು ಕಂಡ್ರೆ ಆಗುದಿಲ್ಲ ಅಂತ ಗ್ರಹಿಸಿದೆ."

ಆಗುವುದಿಲ್ಲ ಎಂದಲ್ಲ, ನೀವು ಹೆಸರನ್ನು ಎದೆಗೆ ಚುಚ್ಚಿಕೊಂಡು ಹೋದ ಮನೆಯೊಳಗೆಲ್ಲ ಹೋದರೆ ನಾವು ಕರೆಯುವುದು ಹೇಗೆ ಎಂದೆ. ಯಾರೂ ಇವರಿಗೆ ಇಷ್ಟು ಸಣ್ಣ ವಿಷಯ ಹೇಳಲಿಲ್ಲವಲ್ಲ ಎಂದು ನಮ್ಮೂರಿನ ಬಗ್ಗೆ ನನಗೇ ನಾಚಿಕೆಯಾಯಿತು.

ಅವರು ಗಡಿಯಾರ ನೋಡಿದರು. ನನ್ನನ್ನು ಕಾಗದಗಳ ಜೊತೆ ಅಲ್ಲೇ ಕೂರಲು ಹೇಳಿ, ಮಗುವನ್ನು ಪೇದೆಯ ಕೈಗೆ ಕೊಟ್ಟು, ಮೂವರೂ ಹಿಂದಿನ ಬಾಗಿಲಿನಿಂದ ಬಯಲಿಗೆ ಹೋದರು. ಕೋಣೆಯ ಕಿಟಕಿಯಿಂದ ಕಾಣುತ್ತಿತ್ತು, ಕೇಳುತ್ತಿರಲಿಲ್ಲ. ನೀರಿನ ಟ್ಯಾಂಕಿನ ಪಕ್ಕ ಬಿಸಿಲಿನಲ್ಲಿ ನಿಂತರು. ಅವರು ಬಗ್ಗಿ ಏನೋ ಕೇಳಿದರು. ನನಗೆ ಹೆಸರಿನ ಚಿಂತೆಯಿರಲಿಲ್ಲ, ಅದು ಬಯಲಿನಲ್ಲಿ ಬಂದೇ ಬರುತ್ತದೆ. ಚಿಂತೆ ಬೇರೆ. ಮನೆಯಲ್ಲಿ ಒಮ್ಮೊಮ್ಮೆ ನಿದ್ದೆಗಣ್ಣಿನಲ್ಲಿ, ಬಿದ್ದು ಮಂಡಿ ತರಚಿಕೊಂಡಾಗ, ಮಗು ನನ್ನನ್ನು ಅಮ್ಮ ಎಂದುಬಿಡುತ್ತಿತ್ತು. ನಾನು ತಿದ್ದುತ್ತಿದ್ದೆ. ಪ್ರತಿ ಸಲ ತಿದ್ದುತ್ತಿದ್ದೆ ಎಂದರೆ ಸುಳ್ಳಾಗುತ್ತದೆ, ಎರಡು ಮೂರು ಸಲ ಕೇಳಿಸದವಳ ಹಾಗೆ ಸುಮ್ಮನಿದ್ದದ್ದೂ ಉಂಟು. ಈಗ ಇವರು ಒಳಗಿರುವ ಹೆಂಗಸು ಯಾರು ಎಂದು ಕೇಳಿ, ಮಗು ಅಮ್ಮ ಎಂದುಬಿಟ್ಟರೆ ಎಲ್ಲ ಮುಗಿಯಿತು. ಕದ್ದು ಸುಖಪಟ್ಟದ್ದಕ್ಕೆ ಇದು ಶಿಕ್ಷೆ ಎಂದುಕೊಂಡು ಕಾಗದಗಳ ಮೇಲೆ ಕೈಯಿಟ್ಟು ಕೂತೆ.

ಮಗು ಬಾಯಿ ತೆರೆದು ಏನೋ ಹೇಳಿತು. ಮತ್ತೇನೋ ಹೇಳಿತು. ಅವರು ನೆಟ್ಟಗೆ ನಿಂತರು. ಆಮೇಲೆ, ಇದನ್ನು ನಾನು ಕಣ್ಣಾರೆ ಕಂಡೆ, ಆಕಾಶ ನೋಡುತ್ತ ಅವರೇ ದೊಡ್ಡದಾಗಿ ಬಾಯಿಬಿಟ್ಟು ಒಂದು ಮಾತು ಹೇಳಿದರು. ಮತ್ತೆ ಹೇಳಿದರು. ಪೇದೆ ನಗತೊಡಗಿದಳು. ಮಗುವೂ ಅದನ್ನೇ ಕೂಗಿತು. ಮೂವರೂ ಸೇರಿ ಕೂಗಿದರು. ಅಷ್ಟು ದೂರದಿಂದಲೂ ಅವರ ತುಟಿಯಲ್ಲಿ ಧರ್ಮಪಾಲ ಎಂಬುದನ್ನು ನಾನು ಓದಿಕೊಂಡೆ.

ಒಳಗೆ ಬಂದಾಗ ಅವರ ಕಣ್ಣು ಒದ್ದೆಯಾಗಿತ್ತು, ಬಿಸಿಲು ಎಂದರು. ಮಗುವಿನ ಹೆಸರು ಸರಿಯಾಗಿದೆ, ತಾಯಿಯ ಹೆಸರು ಸರಿಯಾಗಿದೆ ಎಂದರು. ನಾನು ಮುಂದಿನದಕ್ಕೆ ಕಾಯುತ್ತಿದ್ದೆ.

"ನೀವು ಯಾರು ಅಂತ ಕೇಳಿದೆ. ದೊಡ್ಡಮ್ಮ ಅಂದಳು. ನಮ್ಮಮ್ಮನ ಅಕ್ಕ ಅಂತ ಬೇರೆ ಹೇಳಿದಳು. ಮತ್ತೆ ನಾನು ಕೇಳದೆ ನಿಮ್ಮ ಹೆಸರೂ ಹೇಳಿದಳು ಮಾರ್ರೆ, ಇನಿಶಿಯಲ್ ಸಮೇತ."

ನನ್ನ ಹೆಸರನ್ನು ನಾನು ಅದಕ್ಕೆ ಕಲಿಸಿಕೊಟ್ಟಿರಲಿಲ್ಲ. ಅಂಚೆಯವನು ಬೀದಿಯಲ್ಲಿ ಕೂಗುವುದನ್ನು ಕೇಳಿ ಕಲಿತಿರಬೇಕು. ತಿದ್ದಿದ್ದನ್ನೂ ನೆನಪಿಟ್ಟುಕೊಂಡಿದೆ, ತಿದ್ದದೆ ಬಿಟ್ಟದ್ದನ್ನು ಮನಸ್ಸಿನಲ್ಲೇ ಇಟ್ಟುಕೊಂಡಿದೆ. ನಾಲ್ಕೂವರೆ ವರ್ಷದ ಮಗುವಿಗೆ ಯಾವ ಮಾತು ಎಲ್ಲಿ ಆಡಬೇಕೆಂಬುದು ನನಗಿಂತ ಚೆನ್ನಾಗಿ ಗೊತ್ತಿತ್ತು. ಅಲ್ಲಿಯವರೆಗೆ ನುಂಗಿಕೊಂಡಿದ್ದ ಅಳು ಆಗ ಹೊರಗೆ ಬಂತು. ಧಾರಾಳವಾಗಿ ಅತ್ತೆ. ಪೇದೆ ನೀರು ಕೊಟ್ಟಳು.

ಇನ್ನು ಫಾರಂ ಉಳಿದಿತ್ತು. ತಪ್ಪು ಬರೆದಿರುವ ಫಾರಂ ನಡೆಯುವುದಿಲ್ಲ, ಮಗಳು ಎಂಬುದನ್ನು ಹೊಡೆದು ಹಾಕಿ ಬೇರೆ ಬರೆಯಬೇಕು ಎಂದು ನಾನೇ ಪೆನ್ನು ಹುಡುಕಿದೆ. ಅವರು ಬೇಡವೆಂದು ಕೈ ತೋರಿಸಿ, ತಮ್ಮ ಪೆನ್ನಿನಿಂದ ಮಗಳು ಎಂಬ ಮಾತಿನ ಹಿಂದೆ ಇದ್ದ ಸ್ವಲ್ಪ ಜಾಗದಲ್ಲಿ, ಸಣ್ಣ ಅಕ್ಷರದಲ್ಲಿ, ತಂಗಿಯ ಎಂದು ಸೇರಿಸಿದರು. ಪಕ್ಕದಲ್ಲಿ ಸಹಿ ಹಾಕಿ ಮೊಹರು ಒತ್ತಿದರು.

"ಹೊಡೆದು ಹಾಕುದು ಎಂತಕ್ಕೆ? ಇದ್ದದ್ದು ಸರಿಯೇ ಉಂಟು," ಎಂದರು.

ಅವರ ಕೈ ಹಿಡಿದುಕೊಳ್ಳಬೇಕೆನಿಸಿತು. ಹೊತ್ತಿರಲಿಲ್ಲ. ಮಗುವನ್ನು ಸೊಂಟಕ್ಕೇರಿಸಿಕೊಂಡು ಓಡಿದೆ. ನಾವು ಹತ್ತಿದ ಮೇಲೆ ಬಾಗಿಲು ಹಾಕಿದರು. ಕಿಟಕಿ ಪಕ್ಕವೇ ಕೂರಿಸಿದೆ. ಮೊದಲ ಸಲ ವಿಮಾನ ಹತ್ತಿದವಳು ನಾನು, ಅದು ಮೇಲೇಳುವಾಗ ಹೊಟ್ಟೆ ತೊಳಸುತ್ತದೆ ಎಂದು ಎಲ್ಲರೂ ಹೆದರಿಸಿದ್ದರು. ನನಗೆ ಏನೂ ಆಗಲಿಲ್ಲ. ಬೆಳಗಿನಿಂದ ಎದೆಯ ಮೇಲಿದ್ದ ಭಾರ ಇಳಿದಿತ್ತಲ್ಲ, ಮೇಲೆ ಹೋದದ್ದೇ ತಿಳಿಯಲಿಲ್ಲ. ಚೀಲದಲ್ಲಿದ್ದ ಚಕ್ಕುಲಿ ತೆಗೆದು ಇಬ್ಬರೂ ತಿಂದೆವು. ಮಗು ಅರ್ಧ ಚಕ್ಕುಲಿ ಕೈಯಲ್ಲಿ ಹಿಡಿದೇ ನಿದ್ದೆ ಹೋಯಿತು.

ಆಚೆ ಊರಿನ ನಿಲ್ದಾಣದ ಸೂರು ನಮ್ಮದರ ಹತ್ತರಷ್ಟಿತ್ತು. ಕಂಬಿಯ ಆಚೆ ಜನರ ನಡುವೆ ತಂಗಿ ಕಾರ್ಖಾನೆಯ ನೀಲಿ ಅಂಗಿಯಲ್ಲೇ ನಿಂತಿದ್ದಳು. ಬದಲಾಯಿಸಿಕೊಳ್ಳಲೂ ಹೋಗದೆ ಓಡಿ ಬಂದಿದ್ದಳು. ಮಗು ನನ್ನ ಕೈ ಹಿಡಿದುಕೊಂಡು ಬರುತ್ತಿತ್ತು. ಕಾಗದಗಳೆಲ್ಲ ನನ್ನ ಹೆಗಲ ಚೀಲದಲ್ಲಿದ್ದವು. ತಂಗಿ ಬಾಯಿ ತೆರೆದಳು. ಬರುವುದಿಲ್ಲ ಕಣೇ, ಹೊರಗೆ ಹೋಗೋಣ ಇರು, ಎಂದು ಹೇಳಲು ನಾನು ಕೈಯೆತ್ತುವಷ್ಟರಲ್ಲಿ ಅವಳು ಮಗುವಿನ ಹೆಸರನ್ನು ಪೂರ್ತಿಯಾಗಿ, ಒಂದಕ್ಷರ ಬಿಡದೆ ಕರೆದಳು.

ಮಗು ಅಲ್ಲೇ ನಿಂತಿತು. ತಲೆಯೆತ್ತಿ ಸೂರು ನೋಡಿತು. ಸೂರು ಇತ್ತು. ತಾಯಿಯನ್ನು ನೋಡಿತು. ಅವಳು ಮತ್ತೆ ಕರೆದಳು, ಮತ್ತೆ ಬಂತು. ನನ್ನ ಕೈ ಬಿಡಿಸಿಕೊಂಡು ಮಗು ಓಡಿತು. ಕಂಬಿಯ ಕೆಳಗೇ ನುಸುಳಿ ತಂಗಿಯ ನೀಲಿ ಅಂಗಿಗೆ ಮುಖ ಒತ್ತಿದಾಗ ನನ್ನ ಕೈ ಖಾಲಿಯಾಗಿತ್ತು, ಆದರೆ ಬೇಸರವಾಗಲಿಲ್ಲ. ತಲುಪಿಸಬೇಕಾದದ್ದನ್ನು ತಲುಪಿಸಿದೆ ಎನಿಸಿತು. ಸ್ವಲ್ಪ ಹೊತ್ತಾದ ಮೇಲೆ ಮಗು ತಾಯಿಯ ಹೆಗಲಿನ ಮೇಲಿಂದ ನನ್ನನ್ನು ನೋಡಿತು.

"ದೊಡ್ಡಮ್ಮ, ಇಲ್ಲಿ ಒಳಗೂ ಬರುತ್ತೆ. ನೀನೂ ಕರಿ," ಎಂದಿತು.

ಕರೆದೆ. ಗಿರಣಿಯ ಗಂಟಲು ನನ್ನದು, ನಾಲ್ಕು ಜನ ತಿರುಗಿ ನೋಡಿದರು. ಸೋಮವಾರ ಬೆಳಿಗ್ಗೆ ಕಾರ್ಖಾನೆಯ ಮೇಲ್ವಿಚಾರಕರ ಎದುರು ಮಗು ತಾನೇ ಮುಂದೆ ಹೋಗಿ ನಿಂತು, ಕೇಳುವ ಮುಂಚೆಯೇ ಹೆಸರು ಹೇಳಿ ಬೀಗದ ಕೈಗೆ ಅಂಗೈ ಚಾಚಿತು. ನಾನು ಮುಂದಿನ ಶನಿವಾರದ ವಿಮಾನಕ್ಕೆ ವಾಪಸ್ಸು ಬಂದೆ.

ಇದನ್ನೆಲ್ಲ ಬರೆಯುತ್ತಿರುವುದು ನಮ್ಮ ಮನೆಯ ನಡುಮನೆಯಲ್ಲಿ ಕೂತು. ಮುದ್ದಯ್ಯನ ಹೆಸರು ಬರೆದಿದ್ದೇನೆ. ಅವನು ಈ ಮನೆಗೆ ಬಂದರೂ ಹೆಸರು ಹಿಡಿದು ಕರೆಯುವಷ್ಟು ಸಲಿಗೆ ನನಗೆ ಬೇಕಿಲ್ಲ. ಧರ್ಮಪಾಲರ ಹೆಸರೂ ಬರೆದಿದ್ದೇನೆ. ಅವರಿಗೆ ಸಮುದ್ರದ ಕಡೆಗೇ ವರ್ಗವಾಯಿತಂತೆ, ಅಲ್ಲಿ ಮನೆಯೊಳಗೂ ಹೊರಗೂ ಎಲ್ಲರೂ ಅವರನ್ನು ಬಾಯಿ ತುಂಬ ಕರೆಯುತ್ತಿರಲಿ. ಮಗುವಿನ ಹೆಸರು ಎಲ್ಲೂ ಬರೆದಿಲ್ಲ, ತಂಗಿಯದೂ ಇಲ್ಲ. ಓದಿದವರಿಗೆ ಕೊರತೆ ಎನಿಸಿದರೆ ಎನಿಸಲಿ. ದಸರಾ ರಜೆಗೆ ಇಬ್ಬರೂ ಬರುತ್ತಿದ್ದಾರೆ. ನಾನು ಒಲೆಯ ಮುಂದೆ ಕೂತ ಹಾಗೇ ಊಟಕ್ಕೆ ಕರೆಯಬೇಕು.